ಕಂಡದ್ದೆಷ್ಟು, ಊಹಿಸಿದ್ದೆಷ್ಟು?

ಪ್ರಿಯ ತಮ್ಮ,

ನಿನ್ನ ಪೈಥಾನ್ ಪ್ರೋಗ್ರಾಮ್‌ನ ಮೆಮೊರಿ ಲೀಕ್ (ಬಳಸಿದ ಮೆಮೊರಿ ವಾಪಸ್ ಬಿಡದೆ ಬೆಳೆಯುತ್ತಲೇ ಹೋಗುವುದು) ಹುಡುಕಿದ ಬಗ್ಗೆ ಬರೆದ ಲೇಖನ ಓದಿದೆ. ಕೊನೆಗೆ "ಇದನ್ನ ಯಾರು ಓದ್ತಾರೆ, ಬರೆಯೋದೇ ಬಿಟ್ಟುಬಿಡ್ತೀನಿ" ಅಂದಿದ್ದೀಯಲ್ಲ, ಅದಕ್ಕೇ ಈ ಪತ್ರ. ಬಿಡಬೇಡ. ಕಾಗುಣಿತ, ತಲೆಬರಹ ಎಲ್ಲ ಬರೆಯುತ್ತಾ ಸರಿಹೋಗುತ್ತವೆ. ನನ್ನ ತಕರಾರು ಒಂದೇ. ಕಂಡದ್ದನ್ನೂ ಊಹಿಸಿದ್ದನ್ನೂ ಒಂದೇ ದನಿಯಲ್ಲಿ ಹೇಳಿದ್ದೀಯ.

"ಮೆಮೊರಿ ತಿನ್ನುತ್ತಿರುವುದು ಜೇಸನ್ ಲೈಬ್ರರಿಯೇ" ಅಂತ, ಅಂದರೆ ಜೇಸನ್ ರೂಪದ ಡೇಟಾ ಓದುವ ಸಿದ್ಧ ಕೋಡಿನದೇ ತಪ್ಪು ಅಂತ ಬರೆದಿದ್ದೀಯ. ಹೇಗೆ ಗೊತ್ತು? ನಿನ್ನ ಕೋಡನ್ನೇ ನೋಡು. ಯಾವ ಸಾಲಿನಲ್ಲಿ ಎಷ್ಟು ಮೆಮೊರಿ ಪಡೆದದ್ದು ಅಂತ ದಾಖಲಿಸುವ ಟ್ರೇಸ್‌ಮ್ಯಾಲಾಕ್ ಶುರು ಮಾಡುವಾಗ ಫ್ರೇಮ್ (ಯಾರು ಯಾರನ್ನು ಕರೆದರು ಎಂಬ ಸರಪಳಿಯ ಒಂದೊಂದು ಕೊಂಡಿ) ಎಷ್ಟು ಅಂತ ಹೇಳಿಲ್ಲ. ಹೇಳದಿದ್ದರೆ ಅದು ಪ್ರತಿ ಅಲೊಕೇಶನ್‌ಗೆ, ಅಂದರೆ ಮೆಮೊರಿ ಪಡೆದ ಪ್ರತಿ ಸಲಕ್ಕೆ, ಒಂದೇ ಫ್ರೇಮ್ ಇಟ್ಟುಕೊಳ್ಳುತ್ತದೆ, ಅದೂ ತೀರಾ ಒಳಗಿನದು. ಜೇಸನ್ ಓದಿದಾಗ ಹುಟ್ಟುವ ಆಬ್ಜೆಕ್ಟ್ ಆ ಲೈಬ್ರರಿಯದೇ ಡಿಕೋಡರ್ ಫೈಲ್‌ನ ಸಾಲು ತೋರಿಸದೆ ಇನ್ನೇನು ತೋರಿಸೀತು? ಪೈಥಾನ್ 3.4ರಿಂದ, ಅಂದರೆ 2014ರಿಂದ, ಈ ಸಲಕರಣೆ ಜೊತೆಗೇ ಬರುತ್ತಿದೆ. ಕೈಪಿಡಿ ಓದೋಕೆ ಏನು ಕಷ್ಟ, ಮಾರಾಯ? ಸ್ಟಾರ್ಟ್‌ಗೆ 25 ಅಂತ ಕೊಡು. ಸ್ನ್ಯಾಪ್‌ಶಾಟನ್ನು (ಆ ಕ್ಷಣದ ಮೆಮೊರಿ ಲೆಕ್ಕ) ಸಾಲಿನ ಬದಲು ಟ್ರೇಸ್‌ಬ್ಯಾಕ್, ಅಂದರೆ ಕರೆಗಳ ಸರಪಳಿ, ಪ್ರಕಾರ ಗುಂಪು ಮಾಡು. ಲೈಬ್ರರಿಯನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು ಅಂತ 25 ಫ್ರೇಮ್‌ವರೆಗೆ ಸಿಗುತ್ತದೆ. ಅದರಲ್ಲಿ ಎಲ್ಲೋ ಒಂದು ಕಡೆ ನಿನ್ನದೇ ಫೈಲ್ ಇರುತ್ತದೆ, ನೋಡ್ತಿರು.

ಹುಟ್ಟಿದ ಜಾಗ ಸಿಕ್ಕಿದರೂ ಅದು ಯಾಕೆ ಇನ್ನೂ ಉಳಿದಿದೆ ಅಂತ ಗೊತ್ತಾಗುವುದಿಲ್ಲ. ಅದನ್ನು ಹಿಡಿದುಕೊಂಡಿರುವ ಲಿಸ್ಟೋ ಕ್ಯಾಷೋ (ಮತ್ತೆ ಬೇಕಾದೀತು ಅಂತ ಡೇಟಾ ಕೂಡಿಡುವ ಜಾಗ) ಬೇರೆಲ್ಲೋ ಇರಬಹುದು. ಅದನ್ನು ನೀನು ಹುಡುಕಿಲ್ಲ. ಹಾಗಾದರೆ "ಹುಡುಕಿಲ್ಲ" ಅಂತಲೇ ಬರೆ. ಇನ್ನೊಂದು: ಟ್ರೇಸಿಂಗ್ ಶುರುವಾಗುವ ಮುಂಚೆ ಹುಟ್ಟಿದ್ದು ಲೆಕ್ಕಕ್ಕೆ ಬರುವುದಿಲ್ಲ. ಸಿ ಭಾಷೆಯಲ್ಲಿ ಬರೆದ ಎಕ್ಸ್‌ಟೆನ್ಶನ್ ಪೈಥಾನನ್ನು ಬಿಟ್ಟು ನೇರವಾಗಿ ಮ್ಯಾಲಾಕ್ (ಸಿ ಭಾಷೆಯಲ್ಲಿ ಮೆಮೊರಿ ಕೇಳುವ ಫಂಕ್ಷನ್) ಕರೆದು ಪಡೆದದ್ದೂ ಕಾಣುವುದಿಲ್ಲ. ಪ್ರತಿ ಪ್ರೋಗ್ರಾಮ್ ಎಷ್ಟು ಮೆಮೊರಿ ಬಳಸುತ್ತಿದೆ ಅಂತ ಹೇಳುವ ಟಾಪ್ ಕಮಾಂಡ್ ತೋರಿಸುವ ಲೆಕ್ಕಕ್ಕೂ ನಿನ್ನ ಟ್ರೇಸ್‌ಮ್ಯಾಲಾಕ್ ಲೆಕ್ಕಕ್ಕೂ ಅಂತರ ಇತ್ತು, ಅಲ್ವಾ? "ಹೆಚ್ಚುಕಮ್ಮಿ ಹೊಂದುತ್ತದೆ" ಅಂತ ಸುಮ್ನೆ ತೇಪೆ ಹಾಕಿದ್ದೀಯ.

ಆದರೆ ಒಂದು ಪ್ಯಾರಾ ನನಗೆ ತುಂಬಾ ಹಿಡಿಸಿತು. ಮೊದಲ ರಿಕ್ವೆಸ್ಟ್‌ನಲ್ಲಿ ಕ್ಯಾಷ್ ತುಂಬಿದ್ದನ್ನೇ ಲೀಕ್ ಅಂದುಕೊಂಡು, ಆಮೇಲೆ ಪ್ರೋಗ್ರಾಮ್ ಸ್ವಲ್ಪ ಓಡಿದ ಮೇಲೆ ಮೊದಲ ಸ್ನ್ಯಾಪ್‌ಶಾಟ್ ತೆಗೆದೆ ಅಂತ ಬರೆದಿದ್ದೀಯಲ್ಲ, ಅದು. ಅಲ್ಲಿ ನೀನು ಯಾರನ್ನೂ ಮೆಚ್ಚಿಸಲು ಹೋಗಿಲ್ಲ.

ಹಿಂದೆ ಒಬ್ಬ ಸಂಪಾದಕರು ನನ್ನ ಲೇಖನದ ಟ್ರೇಸ್‌ಬ್ಯಾಕನ್ನೆಲ್ಲ ಕಿತ್ತುಹಾಕಿ ತೀರ್ಮಾನ ಮಾತ್ರ ಉಳಿಸಿದರು. "ಓದುಗರಿಗೆ ಭಾರ" ಅಂದರು. ಓದುಗರು ನನ್ನ ಮಾತನ್ನು ನಂಬಬಹುದಿತ್ತು, ಪರೀಕ್ಷಿಸುವ ಹಾಗಿರಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ನಿನ್ನ ಮೇಲೆ ಜಾಸ್ತಿ ಕೂಗಾಡಿದೆನೋ ಏನೋ.

25 ಫ್ರೇಮ್ ಇಟ್ಟು ಮತ್ತೆ ಓಡಿಸು. ನಿಧಾನವಾಗುತ್ತದೆ, ಟ್ರೇಸಿಂಗ್‌ಗೇ ಒಂದಿಷ್ಟು ಮೆಮೊರಿ ಹೋಗುತ್ತದೆ, ಬೈದುಕೊಳ್ಳಬೇಡ. ಬಂದ ಔಟ್‌ಪುಟ್ ಹಾಗೇ ಕಳಿಸು. ಲೇಖನ ಆಮೇಲೆ ತಿದ್ದೋಣ.

ನಿನ್ನ,
ಅಣ್ಣ