ಬೆಸೆದ ಕೇಬಲ್ ಕಿತ್ತು ಬರುವುದೇಕೆ?

ಮಾನ್ಯ ಸಂಪಾದಕರೇ,

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಯೆಜ್ಡಿ ಬೈಕುಗಳು ಇಂದಿಗೂ ಓಡುತ್ತಿವೆ. ಅಳತೆಗೆ ಹೊಂದುವ ಕ್ಲಚ್ ಕೇಬಲ್ ಸಿಗದಿದ್ದಾಗ ಗ್ಯಾರೇಜಿನಲ್ಲೇ ಹೊಸ ಒಳತಂತಿಗೆ ಹಿತ್ತಾಳೆ ನಿಪ್ಪಲ್ (ತಂತಿಯ ತುದಿಯನ್ನು ಲಿವರ್‌ಗೆ ಸಿಕ್ಕಿಸುವ ಪುಟ್ಟ ತುಂಡು) ಬೆಸೆದು ಕೊಡುವುದುಂಟು. ಚೊಕ್ಕವಾಗಿ ಮಾಡಿದರೆ ಇದು ವರ್ಷಗಟ್ಟಲೆ ಬಾಳುತ್ತದೆ. ತಂತಿಯನ್ನು ನಿಪ್ಪಲ್‌ಗೆ ತೂರಿಸಿ ಮೇಲೊಂದು ಹನಿ ಸೀಸ ಬಿಟ್ಟು ಮುಗಿಸಿದರೆ ಮಾತ್ರ ಟ್ರಾಫಿಕ್ ನಡುವೆ ಕಿತ್ತು ಬರುತ್ತದೆ.

ಹಿಡಿತವಿರುವುದು ಎಳೆಗಳನ್ನು ಬಿಡಿಸುವುದರಲ್ಲಿ. ಕತ್ತರಿಸುವ ಜಾಗಕ್ಕೆ ಟೇಪ್ ಸುತ್ತಿ ಹರಿತವಾದ ಕಟರ್‌ನಿಂದ ಒಂದೇ ಪೆಟ್ಟಿಗೆ ತುಂಡರಿಸಬೇಕು. ತುದಿಯನ್ನು ಪೆಟ್ರೋಲ್‌ನಲ್ಲಿ ತೊಳೆದು ಎಣ್ಣೆ ಪಸೆ ತೆಗೆಯಬೇಕು. ನಿಪ್ಪಲ್‌ನಾಚೆ ನಾಲ್ಕೈದು ಮಿ.ಮೀ. ತಂತಿ ಬಿಟ್ಟು, ಎಳೆಗಳನ್ನು ಸುತ್ತಲೂ ಅಗಲಿಸಿ, ನಿಪ್ಪಲ್‌ನ ಬಟ್ಟಲಿನಂಥ ತಗ್ಗಿಗೆ ತಟ್ಟಿ ಕೂರಿಸಬೇಕು. ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್‌ಗಳಲ್ಲಿ ರೇಡಿಯೋ ರಿಪೇರಿಯ ರಾಳದ್ದು ಇಲ್ಲಿ ಸಾಲದು. ಸತುವಿನ ಕ್ಲೋರೈಡ್ ಫ್ಲಕ್ಸ್ ಬೇಕು. ಕರಗಿದ 60/40 (ತವರ-ಸೀಸದ) ಸೋಲ್ಡರ್‌ನಲ್ಲಿ ಅದ್ದಿ, ಅದು ಎಳೆಗಳ ನಡುವೆ ಇಳಿದ ಮೇಲೇ ಹೊರತೆಗೆಯಬೇಕು. ಗ್ಯಾಸ್ ವೆಲ್ಡಿಂಗ್ ಜ್ವಾಲೆ ತಾಗಿಸಲೇಬಾರದು, ಆ ಕಾವಿಗೆ ಉಕ್ಕಿನ ತಂತಿ ಹದಗೆಡುತ್ತದೆ. ಆರಿದ ಬಳಿಕ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಾಕಬೇಕು. ಫ್ಲಕ್ಸ್ ಉಳಿದರೆ ತಂತಿ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ.

ಅವಸರದಲ್ಲಿ ಮರೆಯುವುದು ಒಂದಿದೆ: ಎರಡನೇ ನಿಪ್ಪಲ್ ಬೆಸೆಯುವ ಮೊದಲೇ ಔಟರ್ (ಕೇಬಲ್ಲಿನ ಹೊರಕವಚ), ರಬ್ಬರ್ ಬೂಟ್, ಸಡಿಲ ಹೊಂದಿಸುವ ಅಡ್ಜಸ್ಟರ್ ಎಲ್ಲವೂ ತಂತಿಗೆ ಏರಿರಬೇಕು.

ಸೋಲ್ಡರ್ ತಂತಿಯುದ್ದಕ್ಕೂ ಮೇಲೇರಿದರೆ ಅಷ್ಟು ಭಾಗ ಕಡ್ಡಿಯಂತೆ ಸೆಟೆದುಕೊಂಡು, ಮೆತ್ತಗಿನ ತಂತಿ ಶುರುವಾಗುವಲ್ಲಿ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ನಿಪ್ಪಲ್‌ನ ಬುಡದಲ್ಲಿ ಒದ್ದೆ ಬಟ್ಟೆ ಸುತ್ತಿಕೊಂಡರೆ ಇದು ತಪ್ಪುತ್ತದೆ. ಲಿವರ್‌ನ ಗೂಡಿನಲ್ಲಿ ನಿಪ್ಪಲ್ ಸಲೀಸಾಗಿ ತಿರುಗದಿದ್ದರೂ ಗತಿ ಅದೇ. ಅಲ್ಲಿ ಚೂರು ಗ್ರೀಸ್ ಇರಲಿ. ಆಕ್ಸಿಲರೇಟರ್ ಕೇಬಲ್ಲಿನ ಒಂದೇ ಎಳೆ ತುಂಡಾಗಿದ್ದರೂ ತಂತಿ ಬದಲಿಸಿ. ಆ ಎಳೆ ಔಟರ್ ಒಳಗೆ ಮುದುಡಿಕೊಂಡರೆ ಕೈ ಬಿಟ್ಟರೂ ಎಂಜಿನ್ ವೇಗ ಇಳಿಯುವುದಿಲ್ಲ.

ಜೋಡಿಸಿದ ಮೇಲೆ ಕ್ಲಚ್ ಲಿವರ್‌ನ ಬುಡದಲ್ಲಿ 2-3 ಮಿ.ಮೀ. ಸಡಿಲ ಬಿಡಬೇಕು. ಎಂಜಿನ್ ಐಡಲ್‌ನಲ್ಲಿರುವಾಗ ಹ್ಯಾಂಡಲ್ ಅನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಿ. ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಹೋಗಿರುವ ದಾರಿ ಸರಿಯಿಲ್ಲ.

ಮುಂದಿನ ಬ್ರೇಕ್‌ನ ಕೇಬಲ್ಲನ್ನು ಮಾತ್ರ ಯಾರೂ ಬೆಸೆದು ಕೊಡಬಾರದು, ಹೊಸದನ್ನೇ ಹಾಕಬೇಕು. ಐಟಿಐಗಳ ದ್ವಿಚಕ್ರ ವಾಹನ ಮೆಕ್ಯಾನಿಕ್ ತರಗತಿಗಳಲ್ಲಿ ಈ ಬೆಸುಗೆಯನ್ನು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಿ, ನಿಪ್ಪಲ್ಲನ್ನು ವೈಸ್‌ಗೆ ಸಿಕ್ಕಿಸಿ ಬಲವಾಗಿ ಎಳೆದು ಪರೀಕ್ಷಿಸುವ ಅಭ್ಯಾಸವನ್ನೂ ಕಲಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ.

– ಹಳೆಯ ಬೈಕ್ ಮೆಕ್ಯಾನಿಕ್‌ಗಳು, ಮೈಸೂರು