ದೇವರ ಪರವಾಗಿ ಸುಳ್ಳು ಹೇಳಬೇಡ

ಬೆಂಗಳೂರು

ಪ್ರೀತಿಯ ಪುಟ್ಟಿ,

ಯೇಸುವಿನ ನಾಮದಲ್ಲಿ ವಂದನೆಗಳು.

ಯೌವನಸ್ಥರ ಕೂಟದಲ್ಲಿ ನೀನು ಏನೋ ಪ್ರಶ್ನೆ ಕೇಳಿದೆಯಂತೆ, "ಜಾಸ್ತಿ ಓದಿದರೆ ನಂಬಿಕೆ ಹೋಗುತ್ತೆ" ಅಂತ ಯಾರೋ ನಿನ್ನ ಬಾಯಿ ಮುಚ್ಚಿಸಿದರಂತೆ. ನಿಮ್ಮಪ್ಪ ಹೇಳಿದ. ಅಂದಿನಿಂದ ನೀನು ಆರಾಧನೆಗೂ ಬರುತ್ತಿಲ್ಲ. ಬಾ ಅಂತ ಒತ್ತಾಯ ಮಾಡಲು ಇದನ್ನು ಬರೆಯುತ್ತಿಲ್ಲ. ನಿನ್ನ ಪ್ರಶ್ನೆಗೆ ನಮ್ಮ ಮನೆಯಲ್ಲಿ ಜಾಗ ಇದೆ ಅಂತ ನಿನಗೆ ಗೊತ್ತಾಗಬೇಕು.

ಒಂದು ಕೆಲಸ ಒಳ್ಳೆಯದಾಗುವುದು ದೇವರು ಹೇಳಿದ್ದರಿಂದಲೋ, ಅಥವಾ ಅದು ಒಳ್ಳೆಯದಾಗಿರುವುದರಿಂದಲೇ ದೇವರು ಅದನ್ನು ಹೇಳಿದನೋ? ಇದೇ ಅಲ್ವಾ ನೀನು ಕೇಳಿದ್ದು? ಕ್ರಿಸ್ತ ಹುಟ್ಟುವುದಕ್ಕೆ ಸುಮಾರು 400 ವರ್ಷ ಮೊದಲು ಅಥೆನ್ಸಿನ ತತ್ವಜ್ಞಾನಿ ಸಾಕ್ರಟೀಸ್ ಯೂಥಿಫ್ರೋ ಎಂಬವನನ್ನು ಹೆಚ್ಚುಕಡಿಮೆ ಹೀಗೇ ಕೇಳಿದ ಅಂತ ಅವನ ಶಿಷ್ಯ ಪ್ಲೇಟೋ ಬರೆದಿದ್ದಾನೆ. ಆ ಮಾತು ನಡೆದದ್ದು ನ್ಯಾಯಸ್ಥಾನದ ಮುಂದೆ. ಯೂಥಿಫ್ರೋ ತನ್ನ ತಂದೆಯ ಮೇಲೇ ಕೊಲೆ ಆರೋಪ ಹೊರಿಸಲು ಬಂದಿದ್ದ. ಸಾಕ್ರಟೀಸ್ ತನ್ನ ಮೇಲಿದ್ದ ಆರೋಪಕ್ಕೆ ಉತ್ತರ ಕೊಡಲು ಬಂದಿದ್ದ. ಕೊನೆಗೆ ಆ ಆರೋಪಕ್ಕೇ ಅವನ ಪ್ರಾಣ ಹೋಯಿತು. ಹಾಗಾಗಿ ಇದನ್ನು ಹೊತ್ತು ಕಳೆಯಲು ಕೇಳುವ ಪ್ರಶ್ನೆ ಅಂತ ಯಾರಾದರೂ ಅಂದರೆ ಒಪ್ಪಬೇಡ.

ನಮ್ಮವರು ಕೊಟ್ಟ ಉತ್ತರ ನಿನಗೆ ಗೊತ್ತಿರಬಹುದು. 13ನೇ ಶತಮಾನದ ಕ್ರೈಸ್ತ ಪಂಡಿತ ತೋಮಸ್ ಅಕ್ವಿನಾಸ್ ತರದವರು, ಒಳ್ಳೆಯತನ ದೇವರ ಮೇಲೆ ಕೂತ ಕಾನೂನೂ ಅಲ್ಲ, ಆತನು ಮನಸ್ಸು ಬಂದಂತೆ ಕೊಟ್ಟ ಅಪ್ಪಣೆಯೂ ಅಲ್ಲ, ಅದು ಆತನ ಸ್ವಭಾವವೇ ಅನ್ನುತ್ತಾರೆ. ನಾನೂ ಅದನ್ನೇ ನಂಬುತ್ತೇನೆ. ಆದರೆ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 18ನೇ ಅಧ್ಯಾಯವನ್ನು ಇನ್ನೊಂದು ಸಲ ನಿಧಾನವಾಗಿ ಓದು. ಸೊದೋಮ್ ಎಂಬ ಪಾಪದ ಊರು ನಾಶವಾಗುತ್ತೆ ಅಂತ ಗೊತ್ತಾದಾಗ ಅಬ್ರಹಾಮ ಸುಮ್ನೆ ತಲೆಯಾಡಿಸಲಿಲ್ಲ. ಲೋಕಕ್ಕೆಲ್ಲ ನ್ಯಾಯ ತೀರಿಸುವವನೇ ನ್ಯಾಯ ತಪ್ಪಬಹುದೇ ಅಂತ ದೇವರ ಮುಖಕ್ಕೇ ಕೇಳಿದ. 50 ಜನ ನೀತಿವಂತರಿದ್ದರೆ ಊರನ್ನು ಉಳಿಸುತ್ತೀಯಾ ಅಂತ ಶುರು ಮಾಡಿ 10ಕ್ಕೆ ಇಳಿಸಿದ. ದೇವರು ಒಂದು ಸಲವೂ ಅವನನ್ನು ಗದರಲಿಲ್ಲ. ನಮ್ಮ ನಂಬಿಕೆಯ ಮೂಲಪುರುಷ ಅಂತ ನಾವು ಕರೆಯುವುದು ಇದೇ ಅಬ್ರಹಾಮನನ್ನು.

ಈಗ ನನ್ನ ಮನಸ್ಸಿಗೆ ತುಂಬ ಹತ್ತಿರವಾದ ಮಾತಿಗೆ ಬರುತ್ತೇನೆ. ಬೈಬಲಿನ ಯೋಬ ತನ್ನ ತಪ್ಪಿಲ್ಲದೆ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು. ಅವನ ಸ್ನೇಹಿತರು ಕೆಟ್ಟವರಲ್ಲ. ಏಳು ದಿನ ಅವನ ಜೊತೆ ನೆಲದ ಮೇಲೆ ಕೂತವರು. ಬಾಯಿ ತೆರೆದ ಮೇಲೆ ಮಾತ್ರ ದೇವರನ್ನು ಕಾಪಾಡಲು ಹೊರಟರು. ನೀನು ಏನೋ ಪಾಪ ಮಾಡಿರಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಅಂದರು. ದೇವರ ಪರವಾಗಿ ಸುಳ್ಳಾಡುತ್ತೀರಾ ಅಂತ ಯೋಬ ಅವರನ್ನು ಕೇಳುತ್ತಾನೆ, ಅವನ ಹೆಸರಿನ ಪುಸ್ತಕದ 13ನೇ ಅಧ್ಯಾಯದಲ್ಲಿ. ಕೊನೆಗೆ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ತನ್ನ ಪರ ವಾದಿಸಿದ ಆ ಸ್ನೇಹಿತರ ಮೇಲೆ. ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ಯೋಬ ಅನ್ನುತ್ತಾನೆ. ಯೋಬನಿಗೂ ದೇವರು ಬಿರುಗಾಳಿಯೊಳಗಿಂದ ಉತ್ತರ ಕೊಟ್ಟ, ಯೋಬ ತಲೆ ತಗ್ಗಿಸಿದ, ನಿಜ. ಆದರೂ ಆ ಮೆಚ್ಚುಗೆಯ ಮಾತು ಅವನಿಗೇ ಬಂತು.

ಇದು ಬರೀ ಪುಸ್ತಕದ ವಿಷಯ ಅಲ್ಲ, ಪುಟ್ಟಿ. ಹೊಸೂರು ರಸ್ತೆಯ ಸಮಾಧಿ ಸ್ಥಳದಲ್ಲಿ ಒಬ್ಬ ಹುಡುಗನನ್ನು ಮಣ್ಣು ಮಾಡಿದೆವು. ರಾತ್ರಿ ಕೆಲಸ ಮುಗಿಸಿ ಬರುವಾಗ ರಸ್ತೆ ಗುಂಡಿಗೆ ಬೈಕ್ ಬಿದ್ದು ಹೋದವನು. ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ದೇವರ ಚಿತ್ತ. ಅವನ ತಾಯಿ ಏನೂ ಅನ್ನಲಿಲ್ಲ. ಆ ಮಾತನ್ನು ಸಮಾಧಾನಕ್ಕೆ ಅಂತಲೇ ಹೇಳಿದರು, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಗುಂಡಿ ತೋಡಿದವರು ಮನುಷ್ಯರು, ಮುಚ್ಚದೆ ಬಿಟ್ಟವರೂ ಮನುಷ್ಯರು. ಅವರ ಲೆಕ್ಕವನ್ನು ದೇವರ ತಲೆಗೆ ಕಟ್ಟಿದರೆ ಸತ್ಯವೂ ಹೋಯಿತು, ನ್ಯಾಯವೂ ಹೋಯಿತು. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ, ಅವರು ಯೆರೂಸಲೇಮಿನ ಉಳಿದವರಿಗಿಂತ ದೊಡ್ಡ ಪಾಪಿಗಳು ಅಂದುಕೊಂಡಿರಾ ಅಂತ ಕೇಳಿ ಯೇಸು ತಾನೇ ಇಲ್ಲ ಅಂದನಲ್ಲ. ಆ ಇಲ್ಲ ಎಂಬ ಮಾತನ್ನು ನಾವು ಯಾಕೆ ಇಷ್ಟು ಬೇಗ ಮರೆಯುತ್ತೇವೋ.

ಸಭೆಯೊಳಗೂ ಹೀಗೇ. ಯೂದಾಯದವ, ಗ್ರೀಕ ಎಂಬ ಭೇದವಿಲ್ಲ ಅಂತ ಪೌಲನ ಪತ್ರ ಓದುತ್ತೇವೆ, ಮದುವೆ ಮಾತು ಬಂದಾಗ ಜಾತಿ ವಿಚಾರಿಸುತ್ತೇವೆ. ನಿನ್ನ ವಯಸ್ಸಿನವರು ಇದನ್ನು ಕೇಳಬೇಕು. ಕೇಳದೆ ಕರ್ತನ ಮೇಜಿಗೆ, ಅಂದರೆ ಎಲ್ಲರೂ ಒಂದಾಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ಸಂಸ್ಕಾರಕ್ಕೆ, ಹೋಗುವುದು ನನಗೆ ವರ್ಷವರ್ಷ ಕಷ್ಟವಾಗುತ್ತಿದೆ.

ನಿನಗೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಯೇಸುವನ್ನು ವಿಚಾರಣೆ ಮಾಡಿದ ರೋಮನ್ ಅಧಿಪತಿ ಪಿಲಾತನೂ ಪ್ರಶ್ನೆ ಕೇಳಿದ. ಸತ್ಯ ಅಂದರೇನು ಅಂದ. ಉತ್ತರಕ್ಕೆ ನಿಲ್ಲದೆ ಎದ್ದು ಹೊರಗೆ ಹೋದ. ಇವನಲ್ಲಿ ನನಗೆ ಯಾವ ಅಪರಾಧವೂ ಕಾಣಲಿಲ್ಲ ಅಂತ ಹೇಳಿದ ಬಾಯಲ್ಲೇ ಆಮೇಲೆ ಶಿಲುಬೆಗೆ ಒಪ್ಪಿಸಿದ. ಸತ್ಯ ಯಾರಿಗೆ ಗೊತ್ತು ಬಿಡಿ ಅನ್ನುವವರು ನಿನ್ನ ಕಾಲೇಜಿನಲ್ಲಿ ಜಾಣರಂತೆ ಕಾಣಬಹುದು. ಆದರೆ ಸತ್ಯ ಅಂತ ಒಂದಿಲ್ಲ ಅಂದಮೇಲೆ, ತಪ್ಪು ಮಾಡದವನಿಗೆ ಶಿಕ್ಷೆಯಾದಾಗ ಅದು ಅನ್ಯಾಯ ಅಂತ ಹೇಳುವುದಾದರೂ ಹೇಗೆ? ಯೋಬ ಜಗಳವಾಡಿದರೂ ಎದ್ದು ಹೋಗಲಿಲ್ಲ. ನೀನು ಕೇಳು, ಕೇಳಿ ನಿಲ್ಲು. ಉತ್ತರ ತಡವಾದರೂ ನಿಲ್ಲು.

ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಶುರುವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆಯಲ್ಲ, ಇಂಥ ಪ್ರಶ್ನೆಗಳನ್ನೇ ಅಲ್ಲಿ ವರ್ಷಗಟ್ಟಲೆ ಓದುತ್ತಾರೆ. ಅಲ್ಲಿ ಪಾಠ ಮಾಡಿದ ನನ್ನ ಸ್ನೇಹಿತರೊಬ್ಬರಿಗೆ ನಿನ್ನ ವಿಷಯ ಹೇಳಿದ್ದೇನೆ. ಶನಿವಾರ ಮಧ್ಯಾಹ್ನ ಅವರು ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ನೀನೂ ಬಾ, ಪ್ಲೇಟೋ ಪುಸ್ತಕ ತಗೊಂಡು ಬಾ. ಯಾವ ಪ್ರಶ್ನೆಯನ್ನೂ ಮನೆಯಲ್ಲಿ ಬಿಟ್ಟು ಬರಬೇಡ.

ನಿನ್ನ ಪ್ರೀತಿಯ
ದೊಡ್ಡಪ್ಪ