ಹಕ್ಕಲು ಆಯ್ದವಳ ಕಥೆಯಿಂದ ಶುರು ಮಾಡು

ಮಂಡಿ ಮೊಹಲ್ಲ, ಮೈಸೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳಿಗೆ,

ನಿನ್ನ ಸೋದರತ್ತೆಯ ಆಶೀರ್ವಾದ. ಕರ್ತನ ಕೃಪೆಯಿಂದ ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ.

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಚರ್ಚಿನ ಸ್ತ್ರೀಯರ ಕೂಟದವರು ಕೊಟ್ಟ ಪುಸ್ತಕಗಳನ್ನು ಓದಿ, "ನನಗೇ ನಂಬಿಕೆ ಸಾಲದು ಅನ್ನಿಸುತ್ತೆ ಅತ್ತೆ" ಅಂದೆ. ಗಂಡ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ, ಅಷ್ಟರಲ್ಲೇ ನಿನ್ನ ಮೇಲೆ ನೀನೇ ಈ ತಪ್ಪು ಹೊರಿಸಿಕೊಂಡಿದ್ದೀಯ. ಆಗ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ.

ಅಂಥ ಪುಸ್ತಕಗಳನ್ನು ನಾನೂ ಓದಿದ್ದೇನೆ. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಕೆಲವುಗಳಲ್ಲಿ ಮೊದಲ ಪುಟದಲ್ಲಿ ಕಣ್ಣೀರು, ಐದನೇ ಪುಟದಲ್ಲಿ ಪ್ರಾರ್ಥನೆ, ಹತ್ತನೇ ಪುಟಕ್ಕೆಲ್ಲ ದೇವರು ಎಲ್ಲ ಸರಿಮಾಡಿದ ಅನ್ನುವ ಸಾಕ್ಷಿ. ನಡುವೆ ನಿದ್ದೆಯಿಲ್ಲದ ರಾತ್ರಿಗಳೇ ಇರುವುದಿಲ್ಲ. ಅವನ್ನು ಸದ್ಯಕ್ಕೆ ಎತ್ತಿಡು. ಗಂಡ ಹೊಡೆದರೂ ಸಹಿಸಿಕೊಂಡು ಪ್ರಾರ್ಥಿಸು ಅನ್ನುವ ಪುಸ್ತಕವಂತೂ ಮನೆಯಲ್ಲೇ ಬೇಡ. ನಾಳೆ ನಿನ್ನ ಮಗಳು ಓದುವವಳು.

ಮೊದಲು ಸತ್ಯವೇದದಲ್ಲಿ ರೂತಳ ಪುಸ್ತಕ ತೆಗೆ. ನಾಲ್ಕೇ ಅಧ್ಯಾಯ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಮೋವಾಬಿನಲ್ಲಿ ಮಣ್ಣು ಮಾಡಿ ನೊವೊಮಿ ಬೇತ್ಲೆಹೇಮಿಗೆ ವಾಪಸ್ ಬರುತ್ತಾಳೆ. ಊರ ಹೆಂಗಸರು ಗುರುತು ಹಿಡಿದರೆ, ಆ ಹೆಸರಿನಿಂದ ಕರೆಯಬೇಡಿ, ಮಾರಾ, ಅಂದರೆ ಕಹಿ, ಅನ್ನಿ, ದೇವರು ನನ್ನ ಬಾಳನ್ನು ಕಹಿ ಮಾಡಿದ್ದಾನೆ ಅನ್ನುತ್ತಾಳೆ. ಅಲ್ಲಿ ಯಾರೂ ಅವಳಿಗೆ ಬುದ್ಧಿ ಹೇಳುವುದಿಲ್ಲ, ಗಮನಿಸು. ನಂಬಿಕೆ ಕಡಿಮೆ ಅಂತ ಅವಳ ಮಾತನ್ನು ಯಾರೂ ಅಳಿಸಿ ಹಾಕಲಿಲ್ಲ. 88ನೇ ಕೀರ್ತನೆಯನ್ನೂ ಓದು. ಅದು ಕತ್ತಲೆಯಲ್ಲೇ ಮುಗಿಯುತ್ತದೆ.

ಆಮೇಲೆ ನೊವೊಮಿಯ ಜೊತೆ ಬಂದ ವಿಧವೆ ಸೊಸೆ ರೂತಳು ಹೊಲಕ್ಕೆ ಹೋಗಿ ಹಕ್ಕಲು ಆಯುತ್ತಾಳೆ. ಮಂಡ್ಯದವಳಿಗೆ ಇದನ್ನು ಬಿಡಿಸಿ ಹೇಳಬೇಕಾ? ನಮ್ಮಜ್ಜಿಯೂ ನಾಲೆ ಬಯಲಿನಲ್ಲಿ ಕೊಯ್ಲಾದ ಗದ್ದೆಗೆ ಇಳಿದು, ಬಿದ್ದ ತೆನೆ ಆಯ್ದು ಮಡಿಲಿಗೆ ತುಂಬಿಕೊಂಡು ಬಂದವಳು. ಕೂಳೆ ಚುಚ್ಚಿ ಹಿಮ್ಮಡಿಯಲ್ಲಿ ಗಾಯ ಇರುತ್ತಿತ್ತು. ದೇವರು ರೂತಳ ಬದುಕಿನೊಳಗೆ ಬಂದಿದ್ದು ಆ ಕೂಲಿ ಹೆಂಗಸರ ಸಾಲಿನಲ್ಲಿ, ಹೊಟ್ಟೆಪಾಡಿನ ಕೆಲಸದ ನಡುವೆ. ನೀನು ಬೆಳಿಗ್ಗೆ ಡಬ್ಬಿ ಕಟ್ಟಿ, ಮಗುವನ್ನು ಸ್ಕೂಲಿಗೆ ಬಿಟ್ಟು ಕೆಲಸಕ್ಕೆ ಓಡುತ್ತೀಯಲ್ಲ, ಅದೂ ಹಕ್ಕಲೇ.

ಆ ಕಥೆಯಲ್ಲಿ ನೊವೊಮಿಯ ಕೈಬಿಟ್ಟು ಹೋಗುವ ಹೊಲವನ್ನು ಅವಳ ಗಂಡನ ಹತ್ತಿರದ ನೆಂಟ ಬೋವಜ ಹತ್ತು ಜನ ಹಿರಿಯರ ಮುಂದೆ ಬಿಡಿಸಿಕೊಳ್ಳುತ್ತಾನೆ. ಹೀಗೆ ಬಿಡಿಸಿಕೊಳ್ಳುವುದಕ್ಕೆ ವಿಮೋಚನೆ ಅಂತ ಚರ್ಚಿನ ಅಯ್ಯನವರು ಹೇಳುವ ಮಾತು ನನಗೆ ತಿಳಿದಿದ್ದು ಗಿರವಿ ಅಂಗಡಿಯಲ್ಲಿ. ನಿಮ್ಮ ಮಾವನಿಗೆ ಕಾಯಿಲೆಯಾದಾಗ ಎರಡೆಳೆ ಸರ ಅಡವಿಟ್ಟಿದ್ದೆ. ಬಡ್ಡಿ ಬೆಳೆದು, ಇನ್ನು ಅದು ಹೋಯಿತು ಅಂತ ಕೈಚೆಲ್ಲಿದ್ದೆ. ಒಂದು ದಿನ ನಿಮ್ಮಪ್ಪ ಬಂದು, ಏನೂ ಹೇಳದೆ, ಕಾಗದದ ಪೊಟ್ಟಣ ಕೈಗಿಟ್ಟ. ನಂಬರ್ ಚೀಟಿ ಇನ್ನೂ ದಾರದಲ್ಲಿ ನೇತಾಡುತ್ತಿತ್ತು. ಒಂದು ಗುಂಡು ನೆಗ್ಗಿತ್ತು. ಈಗಲೂ ಹಾಗೇ ಹಾಕಿಕೊಂಡಿದ್ದೇನೆ, ಕೈಗೆ ಸಿಗುತ್ತದೆ. ಯಾರೋ ಬೆಲೆ ಕೊಟ್ಟರು, ನನ್ನದು ನನಗೆ ಬಂತು. ನೆಗ್ಗಿದ್ದು ಹೋಗಲಿಲ್ಲ.

ರೂತಳಾದ ಮೇಲೆ ಪಂಡಿತಾ ರಮಾಬಾಯಿಯವರ ಜೀವನ ಓದು. 1858ರಲ್ಲಿ ನಮ್ಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ಬರಗಾಲದಲ್ಲಿ ಅಪ್ಪ, ಅಮ್ಮ, ಅಕ್ಕ ಹೋದರು, ಆಮೇಲೆ ಅಣ್ಣ. 1880ರಲ್ಲಿ ಮದುವೆ, 1882ಕ್ಕೆ ಗಂಡ ಇಲ್ಲ, ಕೈಯಲ್ಲಿ ಹೆಣ್ಣುಕೂಸು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅದಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ, ನನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಅಂತ ಗೊತ್ತಾಯಿತು ಎಂದು ಅವರೇ ಬರೆದಿದ್ದಾರೆ. ಎಂಟು ವರ್ಷ, ಮಗಳೇ! ಅಷ್ಟರಲ್ಲಿ ಮುಂಬೈಯಲ್ಲಿ ಶಾರದಾ ಸದನ ಕಟ್ಟಿ ವಿಧವೆಯರಿಗೆ ಓದು ಕಲಿಸಲು ಶುರು ಮಾಡಿಯಾಗಿತ್ತು. ನಿನ್ನದು ಇನ್ನೂ ಹತ್ತೇ ತಿಂಗಳು.

ಹಾಲೆಂಡಿನ ಕೋರಿ ಟೆನ್ ಬೂಮ್ ಬರೆದದ್ದನ್ನು ಆಮೇಲೆ ಓದಬಹುದು, ಈಗಲೇ ಬೇಡ. ಯೆಹೂದ್ಯರನ್ನು ಬಚ್ಚಿಟ್ಟಿದ್ದಕ್ಕೆ 1944ರಲ್ಲಿ ನಾಜಿಗಳು ಆಕೆಯನ್ನೂ ಅಕ್ಕನನ್ನೂ ಹಿಡಿದುಕೊಂಡು ಹೋಗಿದ್ದರು, ಅಕ್ಕ ಸೆರೆಯಲ್ಲೇ ತೀರಿಕೊಂಡಳು. ಯುದ್ಧ ಮುಗಿದ ಮೇಲೆ ಆ ಸೆರೆಯ ಕಾವಲುಗಾರನೊಬ್ಬ ಎದುರು ನಿಂತು ಕೈ ಚಾಚಿದಾಗ ಈಕೆಗೆ ಕೈ ಎತ್ತಲು ಆಗಲಿಲ್ಲ. ಯೇಸುವೇ ಸಹಾಯ ಮಾಡು ಅಂತ ಒಳಗೇ ಬೇಡಿಕೊಂಡಳು. ನಿನ್ನ ಗಂಡನ ಮನೆಯವರನ್ನು ಕ್ಷಮಿಸಲು ಆಗುತ್ತಿಲ್ಲ ಅಂದೆಯಲ್ಲ, ಆ ಪುಟಕ್ಕೆ ಬಂದಾಗ ನನಗೊಂದು ಫೋನ್ ಮಾಡು.

ಜಾಸ್ತಿ ಓದಬೇಡ. ಮಗು ಮಲಗಿದ ಮೇಲೆ ಎರಡು ಪುಟ ಸಾಕು. ಸಿಟ್ಟು ಬಂದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆ.

ರಮಾಬಾಯಿಯವರ ಪುಸ್ತಕವನ್ನು ನಿಮ್ಮಣ್ಣನ ಕೈಲಿ ಕಳಿಸುತ್ತಿದ್ದೇನೆ, ಜೊತೆಗೆ ಮಗುವಿಗೆ ಕೋಡುಬಳೆ. ಮುಂದಿನ ಶನಿವಾರ ಬೆಳಗಿನ ರೈಲಿಗೆ ನಾನೇ ಬರುತ್ತೇನೆ. ರೂತಳ ಎರಡನೇ ಅಧ್ಯಾಯ ನೀನು ಜೋರಾಗಿ ಓದು, ನಾನು ಅವರೆಕಾಯಿ ಸುಲಿಯುತ್ತಾ ಕೇಳುತ್ತೇನೆ.

ನಿನ್ನ
ಅತ್ತೆ